ಹುಳುವಿನ ಪಾಲು

ನಮ್ಮ ತವರುಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಮಾಡವಿದೆ. ಅದರಲ್ಲಿ ಅವ್ವನ ಎಲೆಅಡಿಕೆಯ ಚೀಲ, ಮೇಣದಬತ್ತಿ, ಹಳೆಯ ಕರೆಂಟ್ ಬಿಲ್ಲುಗಳ ಕಟ್ಟು, ಇವುಗಳ ನಡುವೆ ಒಂದು ಸಣ್ಣ ಬೀಜದ ಪೊಟ್ಟಣ ಬಹಳ ವರ್ಷ ಬಿದ್ದಿತ್ತು. ತೂಕ 120 ಗ್ರಾಂ. ಯಾರೂ ಅದನ್ನು ಒಡೆಯಲಿಲ್ಲ, ಬಿತ್ತಲಿಲ್ಲ. ಬೀಜವಲ್ಲವೇ ಎಂಬ ಮಮತೆಯಿಂದ ಎಸೆಯಲೂ ಇಲ್ಲ. ಅದರ ಜೊತೆಗಿದ್ದ ಚೀಟಿಯನ್ನು ಮನೆಯಲ್ಲಿ ಓದಿದವಳು ನಾನೊಬ್ಬಳೇ. ಓದಿಯೂ ಸುಮ್ಮನಿದ್ದುಬಿಟ್ಟೆ. ಆ ಪೊಟ್ಟಣದ ಹಿಂದೆ ನೂರು ವರ್ಷದ ಚರಿತ್ರೆಯಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ನಾನು ಬಿ.ಎ., ಬಿ.ಎಡ್. ಓದಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಹುಳುಹುಪ್ಪಡಿಯ ವಿದ್ಯೆ ನನ್ನದಲ್ಲ. ಆದರೆ ಹಾವೇರಿ ಸೀಮೆಯ ಎರೆಭೂಮಿಯಲ್ಲಿ ಹುಟ್ಟಿದವಳಿಗೆ ಹತ್ತಿ ಪಠ್ಯಪುಸ್ತಕದ ವಿಷಯವಾಗಿ ಮಾತ್ರ ಉಳಿಯುವುದಿಲ್ಲ. 1840ರ ದಶಕದಲ್ಲಿ ಇಂಗ್ಲಿಷರು ಧಾರವಾಡ ಜಿಲ್ಲೆಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ತಂದು ಬಿತ್ತಿಸಿದರು. ಅದು 'ಧಾರವಾಡ ಅಮೆರಿಕನ್' ಎಂದು ಹೆಸರಾಯಿತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತಾಗ ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆ ನೆಲ ಕಂಡಿತು. ಈ ಪಾಠ ಬಂದಾಗ ನಾನು ಒಂದು ಪೀರಿಯಡ್ ಹೆಚ್ಚೇ ತೆಗೆದುಕೊಳ್ಳುತ್ತೇನೆ.

ಅಪ್ಪ ಮೊದಲು ಬಿತ್ತುತ್ತಿದ್ದದ್ದು ಜಯಧರ. ಸಣ್ಣ ಕಾಯಿ, ಗಿಡ್ಡ ಎಳೆ, ಮಳೆ ನಂಬಿದ ಬೆಳೆ. ಅದಕ್ಕೆ ಹುಳುವಿನ ಕಾಟ ಇರಲೇ ಇಲ್ಲವೆಂದಲ್ಲ, ಆದರೆ ಹುಳು ತಿಂದು ಉಳಿದದ್ದು ಮನೆಗೆ ಸಾಕಾಗುತ್ತಿತ್ತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿಯವರು ವರಲಕ್ಷ್ಮಿ ಎಂಬ ಸಂಕರಣ ತಳಿ ತಯಾರಿಸಿದರು. ನೂಲು ತೆಗೆದರೆ ರೇಷ್ಮೆಯಂತೆ ಬರುವ ಉದ್ದ ಎಳೆಯ ಹತ್ತಿ. ಮುಂದೆ 1981ರಲ್ಲಿ ಅವರದೇ ಡಿ.ಸಿ.ಎಚ್. 32 ಬಂತು. ಬೀಜದ ಪ್ಲಾಟುಗಳಲ್ಲಿ 'ಕ್ರಾಸಿಂಗ್' ಕೆಲಸಕ್ಕೆ ನಾವು ಹುಡುಗಿಯರು ರಜೆಯಲ್ಲಿ ಹೋಗುತ್ತಿದ್ದೆವು. ಸಂಜೆ ಹೂವಿನ ಕೇಸರ ಕಿತ್ತು ಬಣ್ಣದ ಕಾಗದದ ಚೂರು ಸುತ್ತಿಟ್ಟರೆ, ಮರುದಿನ ಬೆಳಿಗ್ಗೆ ಗಂಡು ಗಿಡದ ಹೂ ತಂದು ಪರಾಗ ತಾಗಿಸುವುದು. ಬಿ.ಎಡ್. ಫೀಗೆ ಆ ಕೂಲಿಯ ದುಡ್ಡೂ ಸ್ವಲ್ಪ ಸೇರಿತ್ತು.

ಹೊಸ ತಳಿಗಳು ದುಡ್ಡು ತಂದವು, ಹುಳುಗಳನ್ನೂ ತಂದವು. ಮೆತ್ತನೆಯ ದೊಡ್ಡ ಕಾಯಿ ಮನುಷ್ಯನಿಗೆ ಮಾತ್ರ ರುಚಿಯೇ? ಎಣ್ಣೆ ಹೊಡೆಯುವುದು ಶುರುವಾಯಿತು. ನಮ್ಮ ಕಡೆ ಕೀಟನಾಶಕಕ್ಕೆ 'ಎಣ್ಣೆ' ಎನ್ನುತ್ತಾರೆ; ದೀಪಕ್ಕೆ, ಒಗ್ಗರಣೆಗೆ, ತಲೆಗೆ ಹಾಕುವ ವಸ್ತುವಿನ ಹೆಸರನ್ನೇ ವಿಷಕ್ಕೂ ಕೊಟ್ಟುಬಿಟ್ಟೆವು. 1980ರ ಸುಮಾರಿಗೆ ಪೈರೆಥ್ರಾಯ್ಡ್ ಎಂಬ ಹೊಸ ಎಣ್ಣೆಗಳು ಬಂದಾಗ ಹುಳು ಹೊಡೆದ ಮರುದಿನ ಉದುರುತ್ತಿತ್ತು. ಕೆಲವೇ ವರ್ಷಗಳಲ್ಲಿ ಉದುರದಾಯಿತು. 1987ರಲ್ಲಿ ಆಂಧ್ರದ ಗುಂಟೂರು, ಪ್ರಕಾಶಂ ಜಿಲ್ಲೆಗಳಲ್ಲಿ ಎಷ್ಟು ಹೊಡೆದರೂ ಹಸಿರು ಕಾಯಿಕೊರಕ ಸಾಯದೆ ಹತ್ತಿ ಸಾಲು ಸಾಲಾಗಿ ಹಾಳಾಯಿತು. 1990ರ ದಶಕದಲ್ಲಿ ದೇಶದ ಬಿತ್ತನೆಯ ನೆಲದಲ್ಲಿ ನೂರಕ್ಕೆ ಐದು ಪಾಲು ಮಾತ್ರ ಇದ್ದ ಹತ್ತಿ, ದೇಶದ ಕೀಟನಾಶಕದಲ್ಲಿ ಸುಮಾರು ಅರ್ಧದಷ್ಟನ್ನು ಕುಡಿಯುತ್ತಿತ್ತು.

1989ರ ಅಕ್ಟೋಬರಿನಲ್ಲಿ ಅಪ್ಪ ಎಣ್ಣೆ ಹೊಡೆಯುತ್ತ ಹೊಲದಲ್ಲೇ ಕುಸಿದರು. ಬರಿಗಾಲು, ಬಾಯಿಗೊಂದು ಟವೆಲ್, ಬೆನ್ನಿಗೆ ಸೋರುವ ಪಂಪು. ಒಡ್ಡಿನ ಮೇಲಿನ ಬೇವಿನ ಗಿಡದ ಕೆಳಗೆ ಕೂಡಿಸಿದಾಗ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಟ್ರ್ಯಾಕ್ಟರಿನಲ್ಲಿ ದವಾಖಾನೆಗೆ ಒಯ್ದೆವು. ನಾಲ್ಕು ದಿನ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಉಳಿಸಿದರು. ಉಳಿದರು ನಿಜ, ಆದರೆ ಕೊನೆಯವರೆಗೂ ಅವರ ಕೈ ನಡುಗುವುದು ನಿಲ್ಲಲಿಲ್ಲ. ಚಹಾದ ಬಸಿ ಎತ್ತಿದರೆ ಅರ್ಧ ಚಹಾ ಧೋತರದ ಮೇಲೆ. ಆಗ ಹತ್ತನೆಯ ಇಯತ್ತೆಯಲ್ಲಿದ್ದ ನನ್ನ ತಮ್ಮ ಶಾಲೆ ಬಿಟ್ಟು ಒಕ್ಕಲುತನಕ್ಕೆ ನಿಂತ. ನಾನು ಓದಿದೆ. ಅವನು ಓದಲಿಲ್ಲ. ಈ ಲೆಕ್ಕ ನನ್ನ ಮನಸ್ಸಿನಲ್ಲಿ ಇಂದಿಗೂ ಚುಕ್ತಾ ಆಗಿಲ್ಲ.

ಇಷ್ಟು ಹೇಳಿದ್ದು ಏಕೆಂದರೆ, ಎಣ್ಣೆಯಿಲ್ಲದೆ ಹುಳು ಸಾಯಿಸುವ ಬೀಜ ಬಂದಿದೆ ಎಂದರೆ ನಮ್ಮಂಥ ಮನೆಗೆ ಅದು ಎಂಥ ಸುದ್ದಿ ಎಂಬುದು ತಿಳಿಯಲಿ ಎಂದು. ಆ ಬೀಜದೊಳಗೆ ಕೂತಿದ್ದದ್ದು ಒಂದು ಬ್ಯಾಕ್ಟೀರಿಯಾದ ಗುಣ. ಆ ಬ್ಯಾಕ್ಟೀರಿಯಾದ ಕಥೆಯನ್ನು ಜಪಾನಿನ ರೇಷ್ಮೆ ಹುಳುವಿನಿಂದ ಶುರುಮಾಡಬೇಕು.

1901ರಲ್ಲಿ ಜಪಾನಿನಲ್ಲಿ ಇಶಿವಾತಾ ಎಂಬ ವಿಜ್ಞಾನಿ, ರೇಷ್ಮೆ ಹುಳುಗಳು ಇದ್ದಕ್ಕಿದ್ದಂತೆ ಕುಸಿದು ಸಾಯುವ ರೋಗವೊಂದರ ಬೆನ್ನು ಹತ್ತಿದರು. ಸತ್ತ ಹುಳುಗಳಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಅವರ ಪಾಲಿಗೆ ಅದು ಶತ್ರು. ರೇಷ್ಮೆ ಸಾಕುವವರ ಅನ್ನಕ್ಕೆ ಕಲ್ಲು ಹಾಕುವ ರೋಗಾಣು. ಹತ್ತು ವರ್ಷದ ಮೇಲೆ, 1911ರಲ್ಲಿ, ಜರ್ಮನಿಯ ಅರ್ನೆಸ್ಟ್ ಬರ್ಲಿನರ್ ಅವರಿಗೆ ಥುರಿಂಜಿಯಾ ಪ್ರಾಂತದ ಹಿಟ್ಟಿನ ಗಿರಣಿಯ ಪತಂಗದ ಸತ್ತ ಮರಿಗಳಲ್ಲಿ ಅದೇ ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿತು. 1915ರಲ್ಲಿ ಅವರು ಆ ಪ್ರಾಂತದ ಹೆಸರಿನಿಂದಲೇ ಅದನ್ನು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂದು ಕರೆದರು. ನಮ್ಮ ರೈತರ ಬಾಯಲ್ಲಿ ಓಡಾಡುವ 'ಬಿ.ಟಿ.' ಎಂಬ ಎರಡಕ್ಷರ ಅದೇ. ಒಬ್ಬರಿಗೆ ಕೇಡಾಗಿ ಕಂಡದ್ದು ಇನ್ನೊಬ್ಬರಿಗೆ ನೆರವಾಗಿ ಕಂಡಿತು: ಹಿಟ್ಟಿನ ಹುಳುವನ್ನು ಕೊಲ್ಲುವುದು ಹೊಲದ ಹುಳುವನ್ನೂ ಕೊಲ್ಲಬಹುದಲ್ಲ? 1938ರಲ್ಲಿ ಫ್ರಾನ್ಸಿನಲ್ಲಿ 'ಸ್ಪೊರೀನ್' ಎಂಬ ಹೆಸರಿನಿಂದ ಅದರ ಪುಡಿ ಮಾರಾಟಕ್ಕೆ ಬಂತು. ಯುದ್ಧ ಬಂತು, ಡಿ.ಡಿ.ಟಿ. ಬಂತು, ಎಲ್ಲರೂ ಇದನ್ನು ಮರೆತರು.

ಬ್ಯಾಕ್ಟೀರಿಯಾ ಹುಳುವನ್ನು ಹೇಗೆ ಕೊಲ್ಲುತ್ತದೆ ಎಂಬುದು ಬಿಡಿಸಿದ್ದು 1950ರ ದಶಕದಲ್ಲಿ, ಕೆನಡಾದ ಹ್ಯಾನೆ ಮತ್ತು ಆಂಗಸ್ ಎಂಬ ಸಂಶೋಧಕರಿಂದ. ನಮ್ಮೂರ ಬೀಜದ ಅಂಗಡಿಯವರು 'ಅದರಾಗ ಎಂಜೈಮ್ ಐತ್ರಿ' ಎಂದು ಹೇಳಿ ಮಾರುತ್ತಿದ್ದರು. ಅದು ಅರ್ಧ ಸತ್ಯ. ಬ್ಯಾಕ್ಟೀರಿಯಾ ಬೀಜಾಣು ಕಟ್ಟುವ ಹೊತ್ತಿಗೆ ತನ್ನೊಳಗೆ ಒಂದು ಪ್ರೋಟೀನಿನ ಹರಳನ್ನೂ ಕಟ್ಟುತ್ತದೆ. ಆ ಹರಳು ಕಿಣ್ವವಲ್ಲ. ತನ್ನಷ್ಟಕ್ಕೆ ಅದು ವಿಷವೂ ಅಲ್ಲ. ಹುಳು ಅದನ್ನು ತಿಂದಾಗ, ಹುಳುವಿನ ಕರುಳಿನ ಕ್ಷಾರದಲ್ಲಿ ಹರಳು ಕರಗುತ್ತದೆ. ಆಮೇಲೆ ಹುಳುವಿನ ಸ್ವಂತ ಕಿಣ್ವಗಳೇ, ಅಂದರೆ ಎಂಜೈಮುಗಳೇ, ಆ ಪ್ರೋಟೀನನ್ನು ಕತ್ತರಿಸಿ ಅದಕ್ಕೆ ಮೊನೆ ಬರಿಸುತ್ತವೆ. ಮೊನೆ ಬಂದ ಪ್ರೋಟೀನು ಕರುಳಿನ ಗೋಡೆಗೆ ಕಚ್ಚಿ ತೂತು ಮಾಡುತ್ತದೆ. ಹುಳು ತಿನ್ನುವುದನ್ನು ಬಿಡುತ್ತದೆ, ಎರಡು ಮೂರು ದಿನದಲ್ಲಿ ಸಾಯುತ್ತದೆ. ಭಸ್ಮಾಸುರ ತನ್ನ ಕೈ ತಾನೇ ತಲೆಯ ಮೇಲಿಟ್ಟುಕೊಂಡಂತೆ. ನಮ್ಮ ಹೊಟ್ಟೆಯಲ್ಲಿ ಇರುವುದು ಆಮ್ಲ, ಆ ಪ್ರೋಟೀನು ಕಚ್ಚಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಆದ್ದರಿಂದ ಅದು ನಮಗೆ ತಾಗುವುದಿಲ್ಲ. ರೇಷ್ಮೆ ಹುಳುವಿಗೆ ಮಾತ್ರ ತಾಗುತ್ತದೆ; ಹಿಪ್ಪುನೇರಳೆ ತೋಟದ ಹತ್ತಿರ ಇದರ ಪುಡಿ ಸಿಂಪಡಿಸಬಾರದೆಂದು ಹೇಳುವುದು ಅದಕ್ಕೇ.

ಬ್ಯಾಕ್ಟೀರಿಯಾದ ನಿಜವಾದ ಕಿಣ್ವವೂ ಹತ್ತಿಯ ಹುಳುವಿನ ಮೇಲೆ ಪ್ರಯೋಗವಾದದ್ದುಂಟು. ಅಮೆರಿಕದ ಹತ್ತಿಗೆ ಮೂತಿಹುಳುವಿನ ಕಾಟ. 1892ರ ಹೊತ್ತಿಗೆ ಮೆಕ್ಸಿಕೋದಿಂದ ಟೆಕ್ಸಾಸಿಗೆ ದಾಟಿ ದಕ್ಷಿಣ ರಾಜ್ಯಗಳ ಬದುಕನ್ನೇ ಬುಡಮೇಲು ಮಾಡಿದ ಹುಳು ಅದು, ನಮ್ಮ ದೇಶದಲ್ಲಿಲ್ಲ. ಆ ಹುಳುವಿನ ಮರಿಯ ಕರುಳನ್ನು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದ ಕೊಲೆಸ್ಟೆರಾಲ್ ಆಕ್ಸಿಡೇಸ್ ಎಂಬ ಕಿಣ್ವ ಕೆಡಿಸುತ್ತದೆಂದು 1993ರಲ್ಲಿ ಅಲ್ಲಿಯ ಸಂಶೋಧಕರು ತೋರಿಸಿದರು. ಅದು ರೈತನ ಕೈಗೆ ಬೀಜವಾಗಿ ಬರಲಿಲ್ಲ. ಬಂದದ್ದು ಬಿ.ಟಿ.ಯ ಹರಳು.

ರಾಚೆಲ್ ಕಾರ್ಸನ್ 1962ರ ತಮ್ಮ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದ ಕೊನೆಯ ಅಧ್ಯಾಯದಲ್ಲಿ, ವಿಷಗಳ ಬದಲಿಗೆ ಇರುವ ಬೇರೆ ದಾರಿಗಳಲ್ಲಿ ಒಂದಾಗಿ ಈ ಬ್ಯಾಕ್ಟೀರಿಯಾದ ಮಾತನ್ನು ಎತ್ತಿದ್ದರು. ಆದರೆ ಪುಡಿಗೆ ಒಂದು ಕೊರತೆ. ಬಿಸಿಲಿಗೆ ಕೆಲವೇ ದಿನದಲ್ಲಿ ಸತ್ವ ಹೋಗುತ್ತದೆ, ಮಳೆಗೆ ತೊಳೆದುಹೋಗುತ್ತದೆ, ಕಾಯಿಯ ಒಳಗೆ ಕೂತ ಹುಳುವನ್ನು ಮುಟ್ಟುವುದಿಲ್ಲ. ಹಾಗಾದರೆ ಗಿಡವೇ ಆ ಪ್ರೋಟೀನನ್ನು ಮಾಡಿಕೊಳ್ಳಲಿ ಎಂದು ಯೋಚಿಸಿದರು. 1981ರಲ್ಲಿ ಸಿಯಾಟಲ್ ನಗರದ ವಿಶ್ವವಿದ್ಯಾಲಯದಲ್ಲಿ ಆ ಹರಳಿನ ಜೀನನ್ನು ಬೇರ್ಪಡಿಸಿದರು. 1987ರಲ್ಲಿ ಬೆಲ್ಜಿಯಮ್ಮಿನವರು ತಂಬಾಕಿನ ಗಿಡಕ್ಕೆ ಸೇರಿಸಿ ತೋರಿಸಿದರು. 1996ರಲ್ಲಿ ಅಮೆರಿಕದ ಹೊಲಗಳಲ್ಲಿ ಮೊನ್ಸಾಂಟೊ ಕಂಪನಿಯ ಬಿ.ಟಿ. ಹತ್ತಿ ನಿಂತಿತು.

ನಮ್ಮ ನಾಡಿನಲ್ಲಿ ಅದು ಸುದ್ದಿಯಾದದ್ದು ಬೆಂಕಿಯಿಂದ. 1998ರ ನವೆಂಬರ್ 28ರಂದು ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಮಲದಕಲ್ಲಿನಲ್ಲಿ ಪ್ರಯೋಗದ ಹತ್ತಿ ಗಿಡಗಳನ್ನು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘದವರು ಕಿತ್ತು ಸುಟ್ಟರು. ಅದೇ ವರ್ಷದ ಮಾರ್ಚಿಯಲ್ಲಿ ಅಮೆರಿಕದಲ್ಲಿ, ಮರುವರ್ಷ ಮೊಳೆಯದ ಬೀಜದ ವಿಧಾನಕ್ಕೆ ಪೇಟೆಂಟ್ ಸಿಕ್ಕಿತ್ತು. ಜನರ ಬಾಯಲ್ಲಿ ಅದು 'ಟರ್ಮಿನೇಟರ್'. ಬಿ.ಟಿ. ಮತ್ತು ಟರ್ಮಿನೇಟರ್ ಬೇರೆ ಬೇರೆ ಎಂಬುದು ಆಗ ಎಷ್ಟು ಜನಕ್ಕೆ ಗೊತ್ತಿತ್ತು? ನಮ್ಮ ಸ್ಟಾಫ್ ರೂಮಿನಲ್ಲಿಯೂ ಗೊತ್ತಿರಲಿಲ್ಲ. ಬೀಜ ಯಾರ ಕೈಯಲ್ಲಿರಬೇಕು ಎಂಬ ರೈತಸಂಘದ ಪ್ರಶ್ನೆ ಸಣ್ಣದಾಗಿರಲಿಲ್ಲ, ಇಂದಿಗೂ ಸಣ್ಣದಲ್ಲ. ಆದರೆ ಹೊಲದಲ್ಲಿ ಎಣ್ಣೆ ಕುಡಿದು ಬಿದ್ದ ಅಪ್ಪನನ್ನು ಕಂಡ ತಮ್ಮನ ಪ್ರಶ್ನೆ ಬೇರೆಯದಾಗಿತ್ತು. 2001ರಲ್ಲಿ ಗುಜರಾತಿನ ಹೊಲಗಳಲ್ಲಿ ಅನುಮತಿಯಿಲ್ಲದ ಬಿ.ಟಿ. ಹತ್ತಿ ಕದ್ದು ಬೆಳೆದು ನಿಂತದ್ದು ಬಯಲಾಯಿತು. 2002ರ ಮಾರ್ಚ್ 26ರಂದು ಕೇಂದ್ರದ ಸಮಿತಿ ಮೂರು ತಳಿಗಳಿಗೆ ಅನುಮತಿ ಕೊಟ್ಟಿತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? 2004ರಲ್ಲಿ ಅದು ನಮ್ಮ ಹೊಲಕ್ಕೂ ಬಂತು.

ಆ ಜೂನಿನಲ್ಲಿ ನಾನು ತವರಿಗೆ ಹೋಗಿದ್ದೆ. ತಮ್ಮ ಸಾವಿರದ ಆರುನೂರರಷ್ಟು ಕೊಟ್ಟು ತಂದ 450 ಗ್ರಾಂ ಬೀಜದ ಚೀಲವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದ. ಅದರ ಜೊತೆಗೇ ಬಂದದ್ದು ಆ 120 ಗ್ರಾಂ ಪೊಟ್ಟಣ.

"ಅಕ್ಕಾ, ನೀ ಓದಾಕಿ, ಇದರಾಗ ಏನ್ ಬರದಾರ ನೋಡು," ಎಂದು ಚೀಟಿ ಕೊಟ್ಟ.

ಹಲವು ಭಾಷೆಗಳ ನಡುವೆ ಕನ್ನಡವೂ ಇತ್ತು, ಅಕ್ಷರ ಸಾಸಿವೆಕಾಳಿನಷ್ಟು. ಕನ್ನಡಕ ಏರಿಸಿ ಓದಿದೆ. ಸಣ್ಣ ಪೊಟ್ಟಣದಲ್ಲಿರುವುದು ಬಿ.ಟಿ. ಅಲ್ಲದ ಹತ್ತಿ, ಅದನ್ನು ಬಿ.ಟಿ. ಹೊಲದ ಸುತ್ತ ಐದು ಸಾಲು ಇಲ್ಲವೇ ನೂರಕ್ಕೆ ಇಪ್ಪತ್ತು ಪಾಲು ನೆಲದಲ್ಲಿ, ಯಾವುದು ಹೆಚ್ಚೋ ಅಷ್ಟು, ಬಿತ್ತಬೇಕು ಎಂದಿತ್ತು. ಹುಳುಗಳ ಆಶ್ರಯಕ್ಕಾಗಿ.

ತಮ್ಮ ನಕ್ಕುಬಿಟ್ಟ. "ಹುಳಾ ಸಾಯ್ಲಿ ಅಂತ ಇಷ್ಟ ರೊಕ್ಕಾ ಕೊಟ್ಟೇನಿ. ಮತ್ತ ಹುಳಕ್ಕ ಉಣ್ಣಾಕ ಬ್ಯಾರೆ ಹೊಲಾ ಬಿತ್ತಬೇಕಂತ? ಇರೂದ ಮೂರು ಎಕರೆ!"

ನಾನೂ ನಕ್ಕೆ. ಹಾಗೇಕೆ ಬರೆದಿದ್ದಾರೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಯಾವ ಘಟನೆಗೂ ಕಾರಣ ಕೇಳಿರಿ ಎಂದು ತರಗತಿಯಲ್ಲಿ ಮಕ್ಕಳಿಗೆ ಹೇಳುವವಳು ನಾನು! ಪೊಟ್ಟಣ ಮಾಡದೊಳಗೆ ಹೋಯಿತು. ನಮ್ಮ ಮನೆಯದೊಂದೇ ಅಲ್ಲ, ಊರಿನ ಪೊಟ್ಟಣಗಳೆಲ್ಲ ಹೀಗೇ ಮಾಡಕ್ಕೋ ತಿಪ್ಪೆಗೋ ಹೋದವು. ಬಿತ್ತಿದ್ದೀರಾ ಎಂದು ಕೇಳಲು ಯಾರೂ ಬರಲಿಲ್ಲ.

ಮುಂದಿನ ಏಳೆಂಟು ವರ್ಷ ಚೆನ್ನಾಗಿದ್ದವು, ಇದನ್ನು ಮುಚ್ಚಿಡಬಾರದು. ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವುದು ಬಹಳ ಇಳಿಯಿತು. ತಮ್ಮ ಮನೆಗೆ ಸ್ಲ್ಯಾಬ್ ಹಾಕಿಸಿದ, ಮಗಳನ್ನು ಕಾಲೇಜಿಗೆ ಸೇರಿಸಿದ. ದೇಶದ ಹತ್ತಿ 2002-03ರಲ್ಲಿ 136 ಲಕ್ಷ ಅಂಡಿಗೆ ಇದ್ದದ್ದು 2013-14ರಲ್ಲಿ 398 ಲಕ್ಷ ಅಂಡಿಗೆಗೆ ಏರಿತು. ಅದರಲ್ಲಿ ನೀರಾವರಿಯ ಪಾಲು, ಗೊಬ್ಬರದ ಪಾಲು, ಹೆಚ್ಚಾದ ನೆಲದ ಪಾಲೂ ಇದ್ದವು, ಬಿ.ಟಿ.ಯ ಪಾಲೂ ಇತ್ತು. 2006ರಲ್ಲಿ ಎರಡು ಜೀನುಗಳ ಬೀಜ ಬಂತು.

2010ರಲ್ಲಿ, ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿ.ಟಿ.ಗೆ ಬಗ್ಗುತ್ತಿಲ್ಲವೆಂದು ಬೀಜದ ಕಂಪನಿಯೇ ಪ್ರಕಟಿಸಿತು. 2015ರ ಹೊತ್ತಿಗೆ ಅದು ಎರಡು ಜೀನಿನ ಬೀಜವನ್ನೂ ದಾಟಿ ಗುಜರಾತಿನ ಹತ್ತಿಯನ್ನು ಹಾಳುಗೆಡವಿತು. 2017ರ ದೀಪಾವಳಿಗೆ ನಾನು ಊರಿಗೆ ಹೋದಾಗ ತಮ್ಮ ಹೊಲಕ್ಕೆ ಕರೆದುಕೊಂಡು ಹೋದ. ಹೂಗಳು ಅರಳದೆ ಗುಲಾಬಿ ಮೊಗ್ಗಿನಂತೆ ಮುರುಟಿದ್ದವು. ಒಂದು ಕಾಯಿ ಕಿತ್ತು ಕಲ್ಲಿನಿಂದ ಒಡೆದು ತೋರಿಸಿದ.

"ಹೊರಗ ಎಷ್ಟ್ ಚಂದ ಐತಿ ನೋಡಕ್ಕಾ. ಒಳಗ ನೋಡು."

ಒಳಗೆ ಅರಳೆ ಹಳದಿಗಟ್ಟಿತ್ತು. ಕಾಳಿನೊಳಗೆ ಒಂದು ಗುಲಾಬಿ ಬಣ್ಣದ ಸಣ್ಣ ಹುಳು ಕೂತಿತ್ತು. ಒಡ್ಡಿನ ಮೇಲೆ ಪಂಪು, ಎಣ್ಣೆಯ ಡಬ್ಬಿ. ಆ ಹಂಗಾಮಿನಲ್ಲೇ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಎಣ್ಣೆ ಹೊಡೆಯುವಾಗ ವಿಷ ತಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತ ಸುದ್ದಿ ಪೇಪರಿನಲ್ಲಿ ಓದಿದ್ದೆ. ಬೇವಿನ ಗಿಡ ಅಲ್ಲೇ ಇತ್ತು. ನನ್ನ ಕಾಲು ಸೋತಂತಾಯಿತು.

ಮುಂದಿನ ವರ್ಷ ಧಾರವಾಡದ ಕೃಷಿ ಮೇಳಕ್ಕೆ ತಮ್ಮನನ್ನು ಹೊರಡಿಸಿಕೊಂಡು ಹೋದೆ. ಅಲ್ಲಿಯ ಒಬ್ಬ ವಿಜ್ಞಾನಿ ನಮ್ಮನ್ನು ಕೂಡಿಸಿಕೊಂಡು ತಿಳಿಸಿ ಹೇಳಿದರು. ಲಕ್ಷ ಹುಳುವಿನಲ್ಲಿ ಎಲ್ಲೋ ಒಂದೆರಡಕ್ಕೆ ಬಿ.ಟಿ. ತಾಗುವುದಿಲ್ಲ. ಬರಿ ಬಿ.ಟಿ. ಹತ್ತಿಯೇ ಇದ್ದರೆ ಅವೆರಡೇ ಉಳಿಯುತ್ತವೆ. ಅವೇ ಜೋಡಿಯಾಗಿ, ಹುಟ್ಟುವುದೆಲ್ಲ ಜಟ್ಟಿಗಳು. ಪಕ್ಕದಲ್ಲಿ ಸಾದಾ ಹತ್ತಿ ಇದ್ದರೆ ಅಲ್ಲಿ ಸಾವಿರಾರು ಸಾದಾ ಹುಳು ಬದುಕಿರುತ್ತವೆ. ಉಳಿದ ಜಟ್ಟಿ ಅವುಗಳಲ್ಲೊಂದರ ಜೊತೆ ಕೂಡಿದರೆ ಮರಿಗಳು ಬಹುಮಟ್ಟಿಗೆ ಬಿ.ಟಿ.ಗೆ ಸಾಯುತ್ತವೆ. ಹಸಿರು ಕಾಯಿಕೊರಕ ತೊಗರಿ, ಕಡಲೆ, ಟೊಮೆಟೊ ಎಲ್ಲ ತಿನ್ನುವುದರಿಂದ ಅದಕ್ಕೆ ಆಶ್ರಯ ತಾನಾಗಿಯೇ ಸಿಗುತ್ತದೆ. ಗುಲಾಬಿ ಹುಳು ಹೆಚ್ಚುಕಡಿಮೆ ಹತ್ತಿಯೊಂದನ್ನೇ ನಂಬಿದ್ದು. ಅದಕ್ಕೆ ಆ ಐದು ಸಾಲೇ ಬೇಕಿತ್ತು. ಅದರ ಮೇಲೆ ನಾವು ಜನವರಿ ದಾಟಿದರೂ ನೀರು ಕೊಟ್ಟು ಗಿಡ ಉಳಿಸಿ, ಹುಳುವಿಗೆ ಮುಂದಿನ ಹಂಗಾಮಿನವರೆಗೆ ಅನ್ನ ಇಟ್ಟೆವು.

ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಬಸ್ಸಿನಲ್ಲಿ ಒಂದೇ ಮಾತು ಹೇಳಿದ: "ಅವತ್ತ ಯಾರರ ಹಿಂಗ ಬಿಡಿಸಿ ಹೇಳಿದ್ರ ಬಿತ್ತತಿದ್ದೆ." ನನ್ನನ್ನು ಕುರಿತು ಹೇಳಿದ್ದಲ್ಲ. ಆದರೂ ನನಗೆ ತಾಗಿತು.

ಈ ಗುಲಾಬಿ ಹುಳು ಮೂಲತಃ ನಮ್ಮ ಕಡೆಯದೇ. 1840ರ ದಶಕದಲ್ಲಿ ಗುಜರಾತಿನ ಭರೂಚಿನ ಹತ್ತಿಯಲ್ಲಿ ಸಿಕ್ಕ ಹುಳುವನ್ನು ನೋಡಿ ಸಾಂಡರ್ಸ್ ಎಂಬ ಇಂಗ್ಲಿಷರವನು ಮೊದಲು ಅದನ್ನು ವಿವರಿಸಿದ್ದು. ಧಾರವಾಡಕ್ಕೆ ಅಮೆರಿಕದ ಬೀಜ ಬಂದ ದಶಕವೂ ಅದೇ. ಬೀಜ ಅತ್ತಣಿಂದ ಇತ್ತ ಬಂತು, ಹುಳು ಈಜಿಪ್ಟು, ಮೆಕ್ಸಿಕೋಗಳ ಮೇಲೆ ಹಾದು 1917ರಲ್ಲಿ ಟೆಕ್ಸಾಸ್ ಸೇರಿತು. ಅಲ್ಲಿಯ ಅರಿಜೋನಾದ ರೈತರು 1996ರಿಂದ ಹತ್ತು ವರ್ಷ ಬಿ.ಟಿ. ಹತ್ತಿಯ ಜೊತೆಗೆ ಸಾದಾ ಹತ್ತಿಯನ್ನೂ ಶಿಸ್ತಿನಿಂದ ಬಿತ್ತಿದರು. 2006ರಿಂದ ವಿಮಾನದಲ್ಲಿ ಸಂತಾನಶಕ್ತಿಯಿಲ್ಲದ ಪತಂಗಗಳನ್ನು ಕೋಟಿಗಟ್ಟಲೆ ಬಿಟ್ಟರು. 2018ರಲ್ಲಿ ಅಮೆರಿಕದ ಹತ್ತಿಯಿಂದ ಗುಲಾಬಿ ಹುಳು ನಿರ್ಮೂಲವಾಯಿತೆಂದು ಅವರ ಸರ್ಕಾರ ಸಾರಿತು. ಹುಳು ಅದೇ, ಬ್ಯಾಕ್ಟೀರಿಯಾದ ಪ್ರೋಟೀನೂ ಅದೇ. ಸಾವಿರ ಎಕರೆಯವನಿಗೂ ಮೂರು ಎಕರೆಯವನಿಗೂ ಐದು ಸಾಲಿನ ಭಾರ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಕಾರಣವನ್ನೂ ತಿಳಿಸಿದರು, ಹೊಲಕ್ಕೂ ಬಂದು ನೋಡಿದರು. ಇಲ್ಲಿ ಸಾಸಿವೆಕಾಳಿನ ಅಕ್ಷರದಲ್ಲಿ ಆಜ್ಞೆ ಬರೆದು ಕೈ ತೊಳೆದುಕೊಂಡರು. ಓದಬಲ್ಲವರು ನಕ್ಕು ಸುಮ್ಮನಾದೆವು.

ನನಗೆ ಹೆಚ್ಚು ನೋಯುವುದು ಇನ್ನೊಂದು ವಿಷಯಕ್ಕೆ. ನಮ್ಮಲ್ಲಿ ಸೀಗೆ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುವುದುಂಟು. ಕಡುಬು, ಸಜ್ಜೆರೊಟ್ಟಿ, ಮೊಸರುಬುತ್ತಿ, ಬದನೆಕಾಯಿ ಪಲ್ಯ ಎಲ್ಲ ಕಲಸಿ ಹೊಲದ ನಾಲ್ಕೂ ಮೂಲೆಗೆ ಎರಚಿ ಬಂದಮೇಲೇ ನಾವು ಉಣ್ಣುವುದು. ಚಿಕ್ಕವಳಿದ್ದಾಗ ಇದು ಯಾರಿಗೆ ಎಂದು ಅವ್ವನನ್ನು ಕೇಳಿದ್ದೆ. "ಭೂಮ್ತಾಯಿಗೆ, ಇರಿವಿಗೆ, ಹಕ್ಕಿಗೆ, ಹುಳಕ್ಕ... ಅವೂ ಈ ಹೊಲದಾಗ ಅದಾವಲ್ಲ," ಎಂದಿದ್ದಳು. 2004ರ ಆ ಜೂನಿನಲ್ಲಿ ಅವ್ವ ಅಲ್ಲೇ ಹೊಸ್ತಿಲ ಮೇಲೆ ಕೂತಿದ್ದಳು. ನಾನು ಚೀಟಿಯ ಮಾತನ್ನು ಅವಳ ಮಾತಿನಲ್ಲಿ ಹೇಳಿದ್ದರೆ, ಇದೂ ಒಂದು ಚರಗವೇ ಎಂದಿದ್ದರೆ, ಅವಳು ಮಗನನ್ನು ಬಿತ್ತದೆ ಬಿಡುತ್ತಿರಲಿಲ್ಲ. ಒಂದು ಮನೆಯ ಐದು ಸಾಲು ಇಡೀ ಊರನ್ನು ಉಳಿಸುತ್ತಿತ್ತೆಂದು ನಾನು ಹೇಳುವುದಿಲ್ಲ. ಒಂದು ಮನೆಯಾದರೂ ಬಿತ್ತುತ್ತಿತ್ತು, ಅಷ್ಟೇ.

ತಮ್ಮ ಈಗ ಎರಡು ಎಕರೆಗೆ ಗೋವಿನಜೋಳ ಹಾಕುತ್ತಾನೆ, ಒಂದು ಎಕರೆಗೆ ಹತ್ತಿ. ಮೋಹಕ ಬಲೆ ಕಟ್ಟಿ ದಿನಾ ಬೆಳಿಗ್ಗೆ ಪತಂಗ ಎಣಿಸುತ್ತಾನೆ. ಡಿಸೆಂಬರ್ ಮುಗಿಯುವುದರೊಳಗೆ ಹತ್ತಿಕಟ್ಟಿಗೆ ಕಿತ್ತು ಹೊಲ ಬರಿದು ಮಾಡುತ್ತಾನೆ. ಅವ್ವ ತೀರಿದ ಮೇಲೆ ಮನೆಗೆ ಸುಣ್ಣ ಹಚ್ಚುವಾಗ ಪೊಟ್ಟಣ ಮತ್ತೆ ಸಿಕ್ಕಿತು. ನಾನು ಅದನ್ನು ಶಾಲೆಗೆ ತಂದಿಟ್ಟುಕೊಂಡಿದ್ದೇನೆ. ಹತ್ತಿಯ ಪಾಠ ಬಂದಾಗ, ಅಂತರ್ಯುದ್ಧ ಮುಗಿದಮೇಲೆ, ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಎಬ್ಬಿಸಿ ಆ ಚೀಟಿಯನ್ನು ಗಟ್ಟಿಯಾಗಿ ಓದಿಸುತ್ತೇನೆ. ಓದಿ ಮುಗಿದೊಡನೆ ಪ್ರತಿವರ್ಷ ತರಗತಿ ನಗುತ್ತದೆ. ನಗಲಿ ಎಂದು ಬಿಡುತ್ತೇನೆ. ನಗು ನಿಂತಮೇಲೆ ಯಾರಾದರೂ ಒಬ್ಬರು, ಸಾಮಾನ್ಯವಾಗಿ ಹಿಂದಿನ ಬೆಂಚಿನವರು, "ಯಾಕ್ರೀ ಟೀಚರ್?" ಎಂದು ಕೇಳುತ್ತಾರೆ. ಆಗ ಮಲದಕಲ್ಲಿನ ಬೆಂಕಿಯಿಂದಲೋ ಜಪಾನಿನ ರೇಷ್ಮೆ ಹುಳುವಿನಿಂದಲೋ ಪಾಠ ಶುರುಮಾಡುತ್ತೇನೆ. ಗಂಟೆ ಹೊಡೆದರೂ ಮುಗಿಯುವುದಿಲ್ಲ.